ಮಾವನ ಕಿವಿ ಮತ್ತು ಕೋಟಿಗಟ್ಟಲೆ ಸದ್ದು

ನನಗೆ ಸಿಟ್ಟೇ ಬರುವುದಿಲ್ಲ ಎಂದು ನಮ್ಮ ಬಂಧುಬಳಗದಲ್ಲಿ ಒಂದು ಸುಳ್ಳುಸುದ್ದಿ ಹಬ್ಬಿದೆ. ಅದಕ್ಕೆ ಕಾರಣ ನನ್ನ ಗುಣವಲ್ಲ, ನನ್ನ ಗಂಟಲು. ನವುಲೆ ಕಡೆಯ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿಯನ್. ವರ್ಷಗಟ್ಟಲೆ ಹುಡುಗರಿಗೆ ‘ಶ್’ ಎಂದು, ಅವರಿಗೆ ಮಾದರಿಯಾಗಿರಲೆಂದು ನಾನೂ ಪಿಸುಗುಟ್ಟಿ ಪಿಸುಗುಟ್ಟಿ, ಈಗ ತರಕಾರಿ ಅಂಗಡಿಯಲ್ಲೂ ಬದನೆಕಾಯಿ ಹೇಗೆ ಎಂದು ಗುಟ್ಟು ಕೇಳುವವನ ಹಾಗೆ ಕೇಳುತ್ತೇನೆ. ಅಂಗಡಿಯಾಕೆ ಆಚೀಚೆ ನೋಡಿ, ತಾನೂ ಪಿಸುದನಿಯಲ್ಲೇ ರೇಟು ಹೇಳುತ್ತಾಳೆ. ಇಂಥ ದನಿಯಲ್ಲಿ ಬೈದರೆ ಬೈಸಿಕೊಂಡವರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ನನ್ನ ಸಿಟ್ಟೆಲ್ಲ ಒಳಗೇ ಕೂತು ದೋಸೆಹಿಟ್ಟಿನ ಹಾಗೆ ಹುಳಿಯುತ್ತಿರುತ್ತದೆ. ಅದರಲ್ಲಿ ಮುಕ್ಕಾಲು ಪಾಲು, ನೂರಾರು ಕೋಟಿ ಸುರಿದು ತೆಗೆಯುತ್ತಾರಲ್ಲ, ಆ ದೊಡ್ಡ ಸಿನಿಮಾಗಳ ಮೇಲಿನದು. ಇವತ್ತು ನಿಮ್ಮ ಹತ್ತಿರ ಅದನ್ನು ಹೇಳಿಕೊಂಡುಬಿಡುತ್ತೇನೆ.

ನಾನೇನು ಸಿನಿಮಾ ಪಂಡಿತನಲ್ಲ. ವರ್ಷಕ್ಕೆ ಒಂದೋ ಎರಡೋ ನೋಡುವವನು. ನನ್ನ ಬೇಡಿಕೆಯೂ ಸಣ್ಣದು. ಒಂದು ಕಥೆ ಇರಬೇಕು, ಅದರೊಳಗಿನ ಜನ ಒಬ್ಬರ ಹತ್ತಿರ ಒಬ್ಬರು ಮಾತಾಡಬೇಕು, ಕೊನೆಗೆ ಅದು ಮುಗಿಯಬೇಕು. ಈಗಿನ ದೊಡ್ಡ ಸಿನಿಮಾಗಳು ಇಷ್ಟನ್ನು ಬಿಟ್ಟು ಉಳಿದದ್ದೆಲ್ಲ ಕೊಡುತ್ತವೆ. ನಾಯಕ ಬರೀ ನಡೆಯುತ್ತಾನೆ. ಅವನು ಕಾರಿನಿಂದ ಇಳಿದು ವಿಲನ್ನಿನ ಬಾಗಿಲಿಗೆ ಬರುವಷ್ಟರಲ್ಲಿ ನಾನು ಹೊಸಮನೆಯ ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗಿ ವಾಪಸ್ ಬರಬಹುದು. ಮೊದಲು ಬೂಟು ಬರುತ್ತದೆ, ಆಮೇಲೆ ಬೆನ್ನು, ಆಮೇಲೆ ಗಡ್ಡ. ಮುಖ ಬರುವಷ್ಟರಲ್ಲಿ ಇಂಟರ್ವಲ್! ಅಷ್ಟು ಹೊತ್ತೂ ಕತ್ತಲೆ. ಇಷ್ಟೊಂದು ದುಡ್ಡು ಸುರಿದವರಿಗೆ ಎರಡು ಟ್ಯೂಬ್‌ಲೈಟ್ ಹಾಕಿಸಲಿಕ್ಕೆ ಏನು ಧಾಡಿ? ಎಲ್ಲರೂ ಮೈಗೆ ಮಸಿ ಮೆತ್ತಿಕೊಂಡು, ಒಂದೇ ಥರದ ಗಡ್ಡ ಬಿಟ್ಟುಕೊಂಡು ಕಚ್ಚಾಡುತ್ತಿದ್ದರೆ ಯಾರು ಯಾರನ್ನು ಕೊಂದರು ಎಂದು ಪಕ್ಕದವರನ್ನು ಕೇಳಬೇಕು. ಪಕ್ಕದವರು ಪರದೆಯ ವಿಡಿಯೋ ತೆಗೆಯುವುದರಲ್ಲಿ ಮುಳುಗಿರುತ್ತಾರೆ. ಇನ್ನು ನಾಯಕಿ. ಒಂದು ಹಾಡಿಗೆ ಕುಣಿದು ಹೋದವಳು ಆಮೇಲೆ ಪತ್ತೆಯೇ ಇಲ್ಲ. ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ತರುವವನಾದರೂ ಅವಳಿಗಿಂತ ಹೆಚ್ಚು ಹೊತ್ತು ನಿಂತು ಮಾತಾಡಿಸಿ ಹೋಗುತ್ತಾನೆ.

ಇದನ್ನು ಯಾರ ಹತ್ತಿರ ಹೇಳೋಣ? ನಮ್ಮ ಬೀದಿಯ ಕಟಿಂಗ್ ಶಾಪಿನಲ್ಲಿ ಮೊದಲೆಲ್ಲ ಜನ ಅಡಿಕೆ ರೇಟು ಮಾತಾಡುತ್ತಿದ್ದರು. ಈಗ ಅದೇ ಮುಖ ಮಾಡಿಕೊಂಡು, ಅದೇ ದನಿಯಲ್ಲಿ ಸಿನಿಮಾ ಕಲೆಕ್ಷನ್ ಮಾತಾಡುತ್ತಾರೆ, ತಮ್ಮದೇ ತೋಟದ ಫಸಲು ಮಾರಾಟವಾದ ಹಾಗೆ. ಕಟಿಂಗ್ ಮಾಡುವ ಮಂಜಣ್ಣನನ್ನು ಒಮ್ಮೆ, “ಅದಿರಲಿ, ಕಥೆ ಏನು?” ಎಂದು ಕೇಳಿದೆ.

“ಕಥೆ ಕಟ್ಕೊಂಡು ಏನ್ ಮಾಡ್ತೀರಾ ಸಾರ್? ಮೊದಲ್ನೇ ದಿನಾನೇ ಇಡೀ ದೇಶ ಅಲ್ಲಾಡ್ಸಿಬಿಟ್ಟಿದೆ. ನೀವಿನ್ನೂ ನೋಡಿಲ್ವಾ?” ಎಂದ. ಅವನ ಕೈಯಲ್ಲಿದ್ದ ಕತ್ತಿ ಆಗ ನನ್ನ ಗಂಟಲ ಹತ್ತಿರವಿತ್ತು. ನೋಡುತ್ತೇನೆ ಎಂದು ಒಪ್ಪಿಕೊಂಡೆ.

ಒಪ್ಪಿಕೊಂಡೆನೇ ಹೊರತು ಹೋಗುವ ಯೋಚನೆ ಇರಲಿಲ್ಲ. ಹೋಗಬೇಕಾಗಿ ಬಂದದ್ದು ಮಾವನಿಂದ. ನನ್ನ ಹೆಂಡತಿ ಸುಮಾಳ ತಂದೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇದ್ದಾರೆ. ಕಾರ್ಖಾನೆಯೊಂದರಲ್ಲಿ ದೊಡ್ಡ ಯಂತ್ರದ ಪಕ್ಕ ನಿಂತು ಇಡೀ ಸರ್ವೀಸು ಕಳೆದವರು. ಆ ಸದ್ದಿನಿಂದಲೋ, ವಯಸ್ಸಿನಿಂದಲೋ, ಕಿವಿ ಸ್ವಲ್ಪ ಮಂದ. ಮಗ ತಂದುಕೊಟ್ಟ ಕಿವಿ ಮಿಷಿನ್ನು ಡಬ್ಬಿಯಲ್ಲೇ ಇದೆ. “ಅದ್ರಲ್ಲಿ ಬೇಕಾಗಿದ್ದು ಬಿಟ್ಟು ಎಲ್ಲಾ ಕೇಳ್ಸುತ್ತೆ. ಫ್ಯಾನು, ಪಕ್ಕದ್ಮನೆ ಮಿಕ್ಸಿ...” ಎನ್ನುತ್ತಾರೆ. ಭಾನುವಾರ ಬಸ್ಸು ಹತ್ತಿ ಮಗಳ ಮನೆಗೆ ಬರುತ್ತಾರೆ. ಬಂದವರನ್ನು ಮಾತಾಡಿಸುವುದು ಅಳಿಯನ ಧರ್ಮವಲ್ಲವೇ? ನಾನು ಮಾತಾಡಿಸುತ್ತೇನೆ. ಹೆಣ್ಣು ಕೊಟ್ಟ ಮಾವ ಎಂಬ ಗೌರವಕ್ಕೆ ನನ್ನ ದನಿ ಇರುವುದಕ್ಕಿಂತ ಇನ್ನಷ್ಟು ತಗ್ಗುತ್ತದೆ. ಅವರು ಕಿವಿಯ ಹಿಂದೆ ಅಂಗೈ ಹಿಡಿದು ಒಂದು ಗಳಿಗೆ ನನ್ನ ಬಾಯಿಯನ್ನೇ ನೋಡಿ, “ಹೂಂ, ಹೂಂ” ಎಂದು ಪೇಪರ್ ಎತ್ತಿಕೊಳ್ಳುತ್ತಾರೆ. ಒಂದು ಸಲ ಕಾಫಿಯೋ ಟೀಯೋ ಎಂದು ಕೇಳಿದ್ದಕ್ಕೆ, “ಏನೋ, ದೇವರ ದಯೆ” ಎಂದರು.

ಸುಮಾಳಿಗೆ ಇದೇ ಕೊರಗು. “ಅಲ್ರೀ, ಒಂದೇ ಸೋಫಾ ಮೇಲೆ ಕೂತು ಇಬ್ರೂ ಬಸ್ ಕಾಯೋರ ಥರ ಇರ್ತೀರಲ್ಲ! ಅಪ್ಪ ಇನ್ಮೇಲೆ ಬರೋದು ಕಮ್ಮಿ ಮಾಡ್ತೀನಿ ಅಂತಿದಾರೆ. ಅಲ್ಲಿಗೆ ಹೋಗಿ ಸುಮ್ನೆ ಗೋಡೆ ನೋಡ್ಕೊಂಡು ಕೂರೋದ್ಯಾಕೆ ಅಂದ್ರಂತೆ ಅಣ್ಣನ ಹತ್ರ.”

ಗೋಡೆ ಎಂದರೆ ನಾನು. ನನಗೆ ಬೇಸರವಾಯಿತು. ಆದರೆ ತಪ್ಪು ನನ್ನದಲ್ಲ, ಅವರ ಕಿವಿಯದು ಎಂದುಕೊಂಡೆ. ಸುಮಾ ಇದಕ್ಕೆ ಕಂಡುಕೊಂಡ ಪರಿಹಾರವೇ ಸಿನಿಮಾ. ಮಾತು ಬೇಕಿಲ್ಲದ ಜಾಗಕ್ಕೆ ಕರೆದುಕೊಂಡು ಹೋದರೆ ಅಪ್ಪನಿಗೂ ಹೊತ್ತು ಹೋಗುತ್ತದೆ ಎಂದು ಮಂಜಣ್ಣ ಹೇಳಿದ ಅದೇ ಸಿನಿಮಾಕ್ಕೆ ಟಿಕೆಟ್ ಬುಕ್ ಮಾಡಿದಳು. ನಾನು ಬರುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ನನ್ನ ಖಡಾಖಂಡಿತ ಅಡುಗೆಮನೆಯವರೆಗೂ ಹೋಗುವುದಿಲ್ಲ. “ಏನೋ ಅಂದ್ರಲ್ಲ, ಆಮೇಲೆ ಹೇಳಿ ಮಾರಾಯ್ರೇ, ಮೊದ್ಲು ಪ್ಯಾಂಟ್ ಹಾಕ್ಕೊಳ್ಳಿ” ಎಂದಳು.

ಥಿಯೇಟರಿನಲ್ಲಿ ದೀಪ ಆರಿದ್ದಷ್ಟೇ ಗೊತ್ತು. ಆಮೇಲೆ ಬಿದ್ದ ಮೊದಲ ಸದ್ದಿಗೆ ನನ್ನ ಎದೆ ಧಸಕ್ ಎಂದಿತು. ಪರದೆಯ ಮೇಲೆ ಯುದ್ಧವೇನೂ ಆಗಿರಲಿಲ್ಲ, ನಿರ್ಮಾಪಕರ ಹೆಸರು ಬಂದಿತ್ತು ಅಷ್ಟೆ. ಬಾಗಿಲು ತೆಗೆದರೂ ಢಂ, ಹಾಕಿದರೂ ಢಂ. ನಾಯಕ ಬೀಡಿ ಹಚ್ಚಿದರೆ ಕುಳಿತ ಸೀಟು ನಡುಗುತ್ತಿತ್ತು. ಕಥೆ ಹೇಳಲು ಬಾರದವರು ಕಿರುಚುತ್ತಾರೆ, ನೋಡುವವನು ಬೆಚ್ಚಿಬಿದ್ದದ್ದನ್ನೇ ಮೆಚ್ಚಿದ ಎಂದು ಲೆಕ್ಕ ಹಾಕುತ್ತಾರೆ. ಲೈಬ್ರರಿಯಲ್ಲಾಗಿದ್ದರೆ ಈ ಸಿನಿಮಾ ತೆಗೆದವರನ್ನೆಲ್ಲ ಸಾಲಾಗಿ ಹೊರಗೆ ನಿಲ್ಲಿಸುತ್ತಿದ್ದೆ! ಪಾಪ್‌ಕಾರ್ನಿನ ಜೊತೆ ಕೊಟ್ಟ ಕಾಗದವನ್ನು ಹರಿದು ಎರಡೂ ಕಿವಿಗೆ ತುರುಕಿಕೊಂಡೆ. ಅದನ್ನೂ ದಾಟಿಕೊಂಡು ಬಂತು. ಇಂಟರ್ವಲ್ ಆದಮೇಲೆ ನಾಯಕ ಕುದಿಯುವ ಕಬ್ಬಿಣದ ಹೊಂಡಕ್ಕೆ ಬಿದ್ದ. ಸದ್ಯ, ಸತ್ತ, ಮನೆಗೆ ಹೋಗಬಹುದು ಎಂದು ನಾನು ಕಾಲಲ್ಲೇ ಚಪ್ಪಲಿ ಹುಡುಕಿದೆ. ಅವನು ಕ್ರಾಪು ಕೂಡ ಕೆಡದೆ ಮೇಲೆದ್ದು ಬಂದ. ಅಲ್ಲೂ ಮೊದಲು ಬಂದದ್ದು ಬೂಟು.

ನನಗೆ ಮಾವನ ಚಿಂತೆಯಾಯಿತು. ಜೀವಮಾನವೆಲ್ಲ ಕಬ್ಬಿಣದ ನಡುವೆ ಕಳೆದವರು, ಈ ಅಧ್ವಾನ ನೋಡಿ ಎಷ್ಟು ನೊಂದಿರಬೇಡ ಎಂದು ತಿರುಗಿ ನೋಡಿದೆ. ಮಾವ ಮುಂದಕ್ಕೆ ಬಾಗಿ ಕೂತಿದ್ದರು. ಕಿವಿಯ ಹಿಂದೆ ಇರಬೇಕಾದ ಕೈ ಪಾಪ್‌ಕಾರ್ನಿನ ಡಬ್ಬದಲ್ಲಿತ್ತು. ಮುಖ ಇಷ್ಟಗಲ ಅರಳಿತ್ತು. ಕೊನೆಗೆ, ವಿಲನ್ನಿನ ಮನೆಯ ಗೇಟು ತೆರೆಯುವ ಹೊತ್ತಿಗೆ, ಉಳಿದದ್ದು ಎರಡನೇ ಭಾಗದಲ್ಲಿ ಎಂದು ಬರೆದು ದೀಪ ಹಾಕಿದರು. ನಡೆದು ನಡೆದು ಇನ್ನೇನು ತಲುಪಿದ್ದ, ಅಷ್ಟರಲ್ಲಿ ನಮ್ಮನ್ನು ಮನೆಗೆ ಅಟ್ಟಿದರು.

ಮಾವನನ್ನು ಬಿಟ್ಟುಬರಲು ಕಾರನ್ನು ಭದ್ರಾವತಿ ರಸ್ತೆಗೆ ತಿರುಗಿಸಿದೆ. ಮಾವ ನನ್ನ ಪಕ್ಕ, ಸುಮಾ ಹಿಂದೆ. ನನ್ನ ಕಿವಿಯಲ್ಲಿ ಗುಂಯ್ ಎನ್ನುವುದೊಂದು ಬಿಟ್ಟು ಏನೂ ಕೇಳಿಸುತ್ತಿರಲಿಲ್ಲ. ಒಳಗೆ ಹುಳಿಯುತ್ತಿದ್ದದ್ದೆಲ್ಲ ಉಕ್ಕಿಬಂತು. ಬೈಯಲು ಶುರುಮಾಡಿದೆ. ನನ್ನ ದನಿ ನನಗೇ ಕೇಳಿಸದ್ದರಿಂದ ಅದು ಎಷ್ಟು ಎತ್ತರಕ್ಕೆ ಏರಿದೆ ಎಂಬುದೂ ಗೊತ್ತಾಗಲಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕದ ಆಟೋದವನು ತನಗೇ ಬೈದೆನೆಂದು ತಿಳಿದು ಗಾಡಿ ಸರಿಸಿಕೊಂಡನಂತೆ. ಸುಮಾ ಆಮೇಲೆ ಹೇಳಿದಳು.

“ಅಲ್ಲ ಮಾವ, ಕುದಿಯೋ ಕಬ್ಬಿಣಕ್ಕೆ ಬಿದ್ದು ಯಾವನಾದ್ರೂ ಎದ್ದು ಬರ್ತಾನಾ? ನೀವೇ ಹೇಳಿ!” ಎಂದು ಸ್ಟೀರಿಂಗ್ ಗುದ್ದಿದೆ.

ಉತ್ತರ ಬರುತ್ತದೆಂದು ನಾನು ಕೇಳಿರಲಿಲ್ಲ. ನನ್ನ ಕಿವಿಯ ಗುಂಯ್ ಸದ್ದನ್ನೂ ದಾಟುವಷ್ಟು ಗಟ್ಟಿಯಾಗಿ ಬಂತು.

“ಅದೇನು ನಮ್ ಫ್ಯಾಕ್ಟ್ರಿನಾ ಅಳಿಯಂದ್ರೇ? ಸಿನಿಮಾ! ಅವ್ನು ಅಲ್ಲೇ ಸತ್ತೋದ್ರೆ ಎರಡ್ನೇ ಭಾಗದಲ್ಲಿ ನಡೆಯೋರ್ಯಾರು?”

“ನಡೆಯೋದೇ ಒಂದು ಕೆಲ್ಸನಾ ಮಾವ? ಮಾತಾಡ್ಬೇಕಲ್ವಾ?”

“ಮಾತಾಡ್ದ್ನಲ್ಲ! ಆದ್ರೆ ಒಂದು ತಮಾಷೆ. ಕನ್ನಡದಲ್ಲಿ ‘ನಿನ್ ವಂಶಾನೇ ಉಳ್ಸಲ್ಲ’ ಅಂತ ಗುಡುಗ್ತಿದ್ದಾಗ ಅವ್ನ ಬಾಯಿ ತೆಲುಗಲ್ಲಿ ಊಟ ಆಯ್ತಾ ಅಂತಿತ್ತು ಅಂತೀನಿ!” ಮಾವ ತೊಡೆ ತಟ್ಟಿಕೊಂಡು ನಕ್ಕರು. “ಮಿಷಿನ್ ಸದ್ದಲ್ಲಿ ನಾವು ತೆಲುಗ್ನೋರು, ತಮಿಳ್ರು ಎಲ್ರೂ ಒಬ್ಬರ ಬಾಯಿ ಒಬ್ಬರು ನೋಡ್ಕೊಂಡೇ ಮಾತಾಡ್ತಿದ್ದಿದ್ದು. ನನಗೆ ತುಟಿ ಅಲ್ಲಾಡಿದ್ರೆ ಸಾಕು.”

ನಾನು ಹಿನ್ನೆಲೆ ಸಂಗೀತಕ್ಕೆ ಬೈದೆ, ಅವರು ಹೊಗಳಿದರು. ನಾಯಕಿ ಎಲ್ಲಿ ಹೋದಳು ಎಂದು ನಾನು ಕೂಗಿದೆ, ತವರಿಗೆ ಹೋಗಿರಬೇಕು ಬಿಡಿ ಎಂದು ಅವರು ಕೂಗಿದರು. ಹೀಗೆ ಜಗಳವಾಡುತ್ತ ಓಲ್ಡ್ ಟೌನ್ ತಲುಪಿದ್ದೇ ಗೊತ್ತಾಗಲಿಲ್ಲ. ಸುಮಾ ಹಿಂದೆ ಕೂತು ಇಬ್ಬರನ್ನೂ ನೋಡುತ್ತಿದ್ದಳು.

ಮನೆಯ ಮುಂದೆ ಇಳಿದ ಮಾವ ಒಳಗೆ ಹೋಗದೆ, ಸುತ್ತಿಕೊಂಡು ನನ್ನ ಕಿಟಕಿಯ ಹತ್ತಿರ ಬಂದರು. “ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ಮದುವೆ ಆದಾಗಿಂದ ನಿಮಗೆ ನನ್ ಮೇಲೆ ಏನೋ ಅಸಮಾಧಾನ ಅಂತಾನೇ ಅಂದ್ಕೊಂಡಿದ್ದೆ. ನಾನು ಬಂದಾಗೆಲ್ಲ ತುಟಿ ಬಿಚ್ಚದೆ ಒಳಗೊಳಗೇ ಏನೋ ಗೊಣಗ್ತಿದ್ರಿ. ವರೋಪಚಾರದಲ್ಲಿ ಏನು ಕಮ್ಮಿ ಆಯ್ತೋ, ಈಗ ಕೇಳೋದು ಹೇಗೆ ಅಂತ ಸಂಕೋಚ ಆಗ್ತಿತ್ತು. ಇವತ್ತು ಗೊತ್ತಾಯ್ತು ನೋಡಿ, ನಿಮಗೆ ಸಿಟ್ಟಿರೋದು ಸಿನಿಮಾದೋರ ಮೇಲೆ.”

ಗೌರವ ಎಂದು ನಾನು ಇಷ್ಟು ವರ್ಷ ತಗ್ಗಿಸಿಕೊಂಡು ಬಂದ ದನಿ ಆ ಮನುಷ್ಯನಿಗೆ ಗೊಣಗಾಟವಾಗಿ ಕಂಡಿತ್ತು. ಅದನ್ನು ನುಂಗಿಕೊಂಡು ಅವರು ಪ್ರತಿ ಭಾನುವಾರ ಬಸ್ಸು ಹತ್ತಿ ಬರುತ್ತಿದ್ದರು. “ಇಲ್ಲ ಮಾವ, ಹಾಗೇನಿಲ್ಲ” ಎಂದೆ. ಎಂದಿನ ದನಿಯಲ್ಲೇ ಎಂದಿರಬೇಕು. ಅವರು ಕಿವಿಯ ಹಿಂದೆ ಕೈ ಇಟ್ಟುಕೊಂಡರು.

ಮುಂದಿನ ಭಾನುವಾರ ಅವರು ಬಂದಾಗ ಗಟ್ಟಿಯಾಗಿ ಮಾತಾಡಿಸಲೇಬೇಕೆಂದು ನಿಶ್ಚಯಿಸಿ, ಉಸಿರೆಳೆದುಕೊಂಡು, “ಮಾವಾ, ಕಾಫಿ ಕುಡೀತೀರಾ!” ಎಂದು ಕೂಗಿದೆ. ಎದುರುಮನೆಯವರು ಜಗಳ ಬಿಡಿಸಲು ಗೇಟಿನವರೆಗೆ ಬಂದರು. ಎರಡನೇ ವಾಕ್ಯಕ್ಕೆ ಗಂಟಲು ಕಟ್ಟಿತು. ಸಿಟ್ಟಿಲ್ಲದೆ ನನ್ನ ದನಿ ಏಳುವುದಿಲ್ಲ, ಸಿನಿಮಾ ಇಲ್ಲದೆ ಸಿಟ್ಟು ಹೊರಗೆ ಬರುವುದಿಲ್ಲ. ಇದು ಸುಮಾಳಿಗೆ ನನಗಿಂತ ಮೊದಲೇ ಅರ್ಥವಾಗಿತ್ತು. ಅವತ್ತಿನಿಂದ ದೊಡ್ಡ ಸಿನಿಮಾ ಬಂದಾಗಲೆಲ್ಲ ನಮ್ಮ ಮನೆಯಿಂದ ಮೂರು ಟಿಕೆಟ್ ಬುಕ್ ಆಗುತ್ತವೆ. ಒಂದು ಸಲ ಅವಳು ಎಡವಟ್ಟು ಮಾಡಿ ಒಳ್ಳೆಯ ಸಿನಿಮಾಕ್ಕೆ ಬುಕ್ ಮಾಡಿಬಿಟ್ಟಳು. ಕಥೆ ಇತ್ತು, ಜನ ಮಾತಾಡಿದರು, ಮುಗಿಯಿತು ಕೂಡ. ನನಗೆ ಮನಸ್ಸು ತುಂಬಿ ಭದ್ರಾವತಿಯವರೆಗೂ ಮಾತೇ ಹೊರಡಲಿಲ್ಲ. ಮಾವ ಕಿಟಕಿಯಾಚೆ ನೋಡುತ್ತ ಕೂತಿದ್ದವರು ಇಳಿಯುವಾಗ ಮೆಲ್ಲಗೆ, “ಯಾಕೆ ಅಳಿಯಂದ್ರೇ, ಮತ್ತೆ ಏನಾದ್ರೂ ಬೇಜಾರಾ?” ಎಂದರು.

ಅಂಥ ಅನಾಹುತ ಮತ್ತೆ ಆಗಬಾರದೆಂದು ಈಗ ನಾನೇ ಮುತುವರ್ಜಿ ವಹಿಸುತ್ತೇನೆ. ಮೊನ್ನೆ ಕಟಿಂಗ್ ಶಾಪಿಗೆ ಹೋದವನು ಕುರ್ಚಿಯಲ್ಲಿ ಕೂರುವ ಮೊದಲೇ, “ಮಂಜಣ್ಣ, ಆ ಎರಡನೇ ಭಾಗ ಯಾವಾಗಪ್ಪ ಬರೋದು?” ಎಂದು ಕೇಳಿದೆ. ಮಂಜಣ್ಣ ಆಚೀಚೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಪಿಸುದನಿಯಲ್ಲೇ ತಾರೀಕು ಹೇಳಿದ.