ಚಲುವರಾಜುವಿನ ನೇರ ಲಾರಿ

ಕಿರುಗಾವಲಿನ ಚಲುವರಾಜುವಿನ ಲಾರಿ ಎಡಕ್ಕಾಗಲಿ ಬಲಕ್ಕಾಗಲಿ ತಿರುಗತಕ್ಕದ್ದಲ್ಲ ಎಂಬುದು ಸರ್ಕಾರಿ ದಾಖಲೆಯಲ್ಲಿರುವ ಸಂಗತಿ. ದಾಖಲೆಯಲ್ಲಿ ಇರುವುದರಿಂದ ಅದನ್ನು ಅನುಮಾನಿಸುವ ಅಧಿಕಾರ ಯಾರಿಗೂ ಇಲ್ಲ, ಲಾರಿಗಂತೂ ಮೊದಲೇ ಇಲ್ಲ.

ಎಲ್ಲ ಶುರುವಾದದ್ದು ನಾಲೆ ಬಯಲಿನ ಕೆಸರಿನಲ್ಲಿ. ಕಬ್ಬು ತುಂಬಲು ಗದ್ದೆಗಿಳಿದಾಗೆಲ್ಲ ಹಿಂದಿನ ಒಂದು ಗಾಲಿ ಹೂತುಕೊಂಡು ಗಿರಗಿರ ಸುತ್ತುತ್ತಿತ್ತು. ಇನ್ನೊಂದು ಗಾಲಿ ಮದುವೆ ಮನೆಗೆ ಬಂದ ಬೀಗರ ಹಾಗೆ ಸುಮ್ಮನೆ ಕೂತಿರುತ್ತಿತ್ತು. ಇದಕ್ಕೆ ಗ್ಯಾರೇಜಿನ ಮರಿಸಿದ್ದಯ್ಯ ಮದ್ದು ಕಂಡುಹಿಡಿದ. ಹಿಂದಿನ ಅಚ್ಚಿನ ನಡುವೆ ಡಿಫರೆನ್ಷಿಯಲ್ ಅಂತ ಒಂದು ಗುಂಡು ಇರುತ್ತದೆ. ತಿರುವಿನಲ್ಲಿ ಒಳಗಿನ ಗಾಲಿ ನಿಧಾನಕ್ಕೆ, ಹೊರಗಿನ ಗಾಲಿ ಬೇಗ ಉರುಳುವುದು ಅದರ ದಯೆಯಿಂದ. ಮರಿಸಿದ್ದಯ್ಯ ಅದರೊಳಗಿನ ಹಲ್ಲುಗಳಿಗೆ ವೆಲ್ಡಿಂಗ್ ಹಾಕಿ ಲಾಕ್ ಮಾಡಿಬಿಟ್ಟ.

"ಇನ್ಮೇಲೆ ಎಲ್ಡು ಗಾಲೀನೂ ಒಂದೇ ಸಮ ಉರುಳ್ತವೆ ಕಣ್ಲಾ. ಎಂಥಾ ಕೆಸ್ರಾದ್ರೂ ಎದ್ದು ಬತ್ತದೆ."

"ಟಾರ್ ರೋಡಲ್ಲಿ?"

"ನೀನು ಕೇಳಿದ್ದು ಕೆಸ್ರಿಗೆ ತಾನೆ?"

ಟಾರ್ ರೋಡಲ್ಲಿ ಏನಾಯಿತೆಂದು ಮಳವಳ್ಳಿ ಪೇಟೆಗೆ ಪೇಟೆಯೇ ನೋಡಿತು. ಮುಂದಿನ ಗಾಲಿ ತಿರುಗಿದರೂ ಹಿಂದಿನವು ಒಪ್ಪಲಿಲ್ಲ. ಟೈರು ಕಿರ್ರೋ ಅಂತ ಕಿರುಚಿ, ಲಾರಿ ನೆಟ್ಟಗೆ ಬಟ್ಟೆ ಅಂಗಡಿಯ ಮೆಟ್ಟಿಲಿಗೆ ಹೋಗಿ ನಿಂತಿತು. ಅಲ್ಲಿಂದ ಮುಂದೆ ಒಂದೊಂದು ತಿರುವಿಗೂ ಮೂರು ಸಲ ಹಿಂದೆ, ಮೂರು ಸಲ ಮುಂದೆ. ಅಷ್ಟು ಹೊತ್ತಿಗೆ ಜನ ಬೇಕಾದಷ್ಟು ಕಬ್ಬಿನ ಜಲ್ಲೆ ಎಳೆದುಕೊಂಡಿರುತ್ತಿದ್ದರು. ಹೊಸ ಟೈರು ತಿಂಗಳೊಳಗೆ ಬೋಳಾಯಿತು. ಸಾಕಪ್ಪಾ ಈ ಮರಿಸಿದ್ದಯ್ಯನ ಸಾವಾಸ ಅಂದುಕೊಂಡು, ವೆಲ್ಡಿಂಗ್ ಬಿಡಿಸಲು ಚಲುವರಾಜು ನಿರ್ಧಾರ ಮಾಡಿದ.

ಅಷ್ಟರಲ್ಲಿ ಎಫ್‌ಸಿ, ಅಂದರೆ ಲಾರಿ ಓಡಿಸಲು ಯೋಗ್ಯವೆಂಬ ಸರ್ಟಿಫಿಕೇಟಿನ ತಪಾಸಣೆ, ಬಂತು. ವಾಹನ ತಪಾಸಣೆಯ ಅಧಿಕಾರಿ ವೆಂಕಟೇಶಮೂರ್ತಿಯವರು ಬಹಳ ಶಿಸ್ತಿನ ಮನುಷ್ಯ. ಮನೆಯಿಂದ ಹೆಂಡತಿ ಪಂಕಜಮ್ಮನವರು ಕಳಿಸಿದ ಮೊಸರನ್ನವನ್ನೂ ಸ್ವೀಕೃತಿ ಮೊಹರು ಒತ್ತಿಯೇ ತಿನ್ನುವವರು. ಕಚೇರಿಯ ಅಂಗಳದ ತುಂಬ ಜಪ್ತಿ ಮಾಡಿದ ಗಾಡಿಗಳಿದ್ದುದರಿಂದ ಲಾರಿಯನ್ನು ಹತ್ತಡಿ ನೇರವಾಗಿ ಓಡಿಸಿ ಪರೀಕ್ಷಿಸಿದರು. ಚಲುವರಾಜು ಪ್ರಾಮಾಣಿಕನಾಗಿ ವೆಲ್ಡಿಂಗ್ ವಿಷಯ ಬಾಯಿಬಿಟ್ಟ. ಅವರು ಸಂತೋಷದಿಂದ ಬರೆದುಕೊಂಡರು. ಮಾರನೆಯ ವಾರ ಅವನು ಅದನ್ನು ಬಿಡಿಸುತ್ತೇನೆಂದು ಕೇಳಲು ಹೋದಾಗ ಮಾತ್ರ ಕನ್ನಡಕ ತೆಗೆದರು.

"ಅದು ಮಾರ್ಪಾಡು ಆಗುತ್ತದಪ್ಪ. ಅಪರಾಧ."

"ಮೊದ್ಲು ಎಂಗಿತ್ತೋ ಅಂಗೇ ಮಾಡೋದು ಸಾ."

"ದಾಖಲೆಯ ಪ್ರಕಾರ ಮೊದಲಿನಿಂದಲೂ ಹೀಗೇ ಇದೆ."

"ಕಂಪ್ನಿಯೋರು ತಿರುಗೋ ಲಾರೀನೇ ಕೊಟ್ಟಿದ್ದು ಸಾ!"

"ಅವರು ನನ್ನೆದುರು ತಿರುಗಿಸಿ ತೋರಿಸಿದ್ದರೇನು?"

ಸಮಸ್ಯೆಯನ್ನು ಹಾಗೇ ಬಿಡುವ ಜಾಯಮಾನ ಅವರದಲ್ಲ. ಮೂರೇ ದಿನದಲ್ಲಿ ಸುತ್ತೋಲೆ ಹೊರಟಿತು: "ಹಿಂಬದಿ ಚಕ್ರಗಳು ಒಮ್ಮತದಿಂದ ಚಲಿಸುವ ವಾಹನಗಳನ್ನು ಇನ್ನು ಮುಂದೆ 'ನೇರ ವಾಹನ' ಎಂದು ಪರಿಗಣಿಸತಕ್ಕದ್ದು. ಸದರಿ ವಾಹನಗಳು ತಿರುವುಗಳಲ್ಲಿ ತಿರುಗತಕ್ಕದ್ದಲ್ಲ. ತಿರುಗುವುದು ಅನಿವಾರ್ಯವಾದಲ್ಲಿ ಏಳು ದಿನ ಮುಂಚಿತವಾಗಿ, ತಿರುವಿನ ಎರಡೂ ಬದಿಯ ಭಾವಚಿತ್ರ ಲಗತ್ತಿಸಿ ಅರ್ಜಿ ಸಲ್ಲಿಸತಕ್ಕದ್ದು."

ಚಲುವರಾಜುವಿನ ಗದ್ದೆಯಿಂದ ಸಕ್ಕರೆ ಕಾರ್ಖಾನೆಗೆ ಒಂಬತ್ತು ತಿರುವು. ಒಂಬತ್ತಕ್ಕೂ ಅರ್ಜಿ ಹಾಕಿದ. ಏಳು ಮಂಜೂರಾದವು. ನಾಲ್ಕನೆಯದು ಮತ್ತು ಎಂಟನೆಯದು ತಿರಸ್ಕೃತ.

ಇತ್ತ ಕಾರ್ಖಾನೆಯವರ ಆದೇಶ ಬಂದು ಅವನದೇ ಕಬ್ಬು ಕಡಿದಾಗಿತ್ತು. ಹನ್ನೆರಡು ತಿಂಗಳು ನೀರು ಕಟ್ಟಿ ಸಾಕಿದ ಕಬ್ಬು. ಕಡಿದ ಮೇಲೆ ಅದು ಕಾಯುವುದಿಲ್ಲ, ಒಂದೊಂದು ಬಿಸಿಲಿಗೂ ತೂಕ ಕಳೆದುಕೊಳ್ಳುತ್ತದೆ. ಬೇರೆ ಲಾರಿಯಲ್ಲಿ ಕಳಿಸೋಣವೆಂದರೆ ಕಾರ್ಖಾನೆಯ ಪರ್ಮಿಟ್ಟಿನಲ್ಲಿ ಇದೇ ಲಾರಿಯ ನಂಬರು. ಹೆಂಡತಿ ರೂಪ ಗದ್ದೆ ಬದುವಿನ ಮೇಲೆ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಮೂರ್ ದಿನ ಆಯ್ತು, ಕಬ್ಬೆಲ್ಲ ಸೌದೆ ಆಯ್ತಾ ಅದೆ. ಆ ಸುತ್ತೋಲೆ ಮಕಕ್ಕೆ ಮಂಗಳಾರತಿ ಎತ್ತ! ಸುಮ್ಕೆ ವೆಲ್ಡಿಂಗ್ ಬಿಡ್ಸಿ ಓಗು."

ಗಂಡಸಿಗೆ ಧೈರ್ಯ ಬಂತು. ಮರಿಸಿದ್ದಯ್ಯ ಗುಟ್ಟಾಗಿ ವೆಲ್ಡಿಂಗ್ ಉಜ್ಜಿ ತೆಗೆದ. ಲಾರಿ ಒಂಬತ್ತೂ ತಿರುವಿನಲ್ಲಿ ಬೆಣ್ಣೆಯ ಹಾಗೆ ತಿರುಗಿತು. ಎಂಟನೆಯದರಲ್ಲಿ ಚಲುವರಾಜುವಿಗೆ ಸಂತೋಷದಿಂದ ಕಣ್ಣಲ್ಲಿ ನೀರೇ ಬಂತು. ಕಾರ್ಖಾನೆ ಗೇಟಿನಲ್ಲಿ ಬಲಕ್ಕೆ ತಿರುಗಿ, ಗುಮಾಸ್ತ ಸುಹಾಸನ ಕಿಟಕಿಯ ಪಕ್ಕಕ್ಕೆ ಒಂದೇ ಸಲಕ್ಕೆ ಸರಿಯಾಗಿ ನಿಲ್ಲಿಸಿದ. ಸುಹಾಸ ಕಂಪ್ಯೂಟರು ನೋಡಿದ, ಲಾರಿ ನೋಡಿದ, ಮತ್ತೆ ಕಂಪ್ಯೂಟರು ನೋಡಿದ.

"ಈ ನಂಬರಿನ ಲಾರಿ ತಿರುಗೋದಿಲ್ಲ. ನೀವು ತಿರುಗಿ ಬಂದ್ರಿ. ಹಾಗಾಗಿ ಇದು ಆ ಲಾರಿ ಅಲ್ಲ."

"ನಂಬರ್ ಪ್ಲೇಟ್ ನೋಡಪ್ಪಾ!"

"ಪ್ಲೇಟ್ ಯಾರು ಬೇಕಾದ್ರೂ ಹಾಕ್ಕೋಬೋದು. ತಿರುಗದೆ ಇರೋದು ಎಲ್ಲರ ಕೈಲೂ ಆಗಲ್ಲ."

ಹಿಂದೆ ಕ್ಯೂನಲ್ಲಿದ್ದವರು ಹುಡುಗ ಹೇಳುವುದರಲ್ಲಿ ನ್ಯಾಯವಿದೆ ಎಂದರು. ಲಾರಿಯನ್ನು ಹೊರಗೆ ತಳ್ಳಿಸಿದರು. ಐದು ದಿನ ರಸ್ತೆ ಬದಿಯಲ್ಲಿ ಚಲುವರಾಜು ತನ್ನ ಲಾರಿ ತನ್ನದೇ ಎಂದು ಕಂಡಕಂಡವರಿಗೆ ಹೇಳಿ ಗಂಟಲು ಕಟ್ಟಿಸಿಕೊಂಡ. ಕೊನೆಗೆ ಮರಿಸಿದ್ದಯ್ಯನನ್ನೇ ಕರೆಸಿ, ಕಾರ್ಖಾನೆಯ ಕಾಂಪೌಂಡಿಗೆ ಆತುಕೊಂಡಿದ್ದ ಟೀ ಅಂಗಡಿಯಿಂದ ಕರೆಂಟು ಎಳೆದು, ಗುಂಡು ಇಳಿಸಿ, ಮತ್ತೆ ವೆಲ್ಡಿಂಗ್ ಹಾಕಿಸಿದ. ವೆಂಕಟೇಶಮೂರ್ತಿಯವರು ಖುದ್ದು ಪರಿಶೀಲನೆಗೆ ಬಂದರು.

"ಎಲ್ಲಿ, ತಿರುಗಿಸು ನೋಡೋಣ."

ಚಲುವರಾಜು ರಟ್ಟೆ ಬಿದ್ದುಹೋಗುವಂತೆ ಸ್ಟೇರಿಂಗ್ ಎಳೆದ. ಲಾರಿ ಊರಿಗೇ ಕೇಳುವ ಹಾಗೆ ಕಿರುಚಿ, ನೆಟ್ಟಗೆ ನುಗ್ಗಿ ಟೀ ಅಂಗಡಿಯ ಬೆಂಚು ಮುರಿಯಿತು. ಜನ ಚಪ್ಪಾಳೆ ತಟ್ಟಿದರು. "ಇದೇ ಲಾರಿ," ಎಂದು ಅಧಿಕಾರಿಗಳು ರುಜು ಹಾಕಿದರು.

ಗುರುತು ಸಿಕ್ಕಿತು, ಆದರೆ ಗೇಟಿಗೆ ತಿರುಗುವ ಹಾಗಿಲ್ಲ. ಕಾರ್ಖಾನೆಯವರು ತುರ್ತು ಸಭೆ ಸೇರಿ, ಲಾರಿಯ ಮೂತಿ ಯಾವ ಕಡೆಗಿದೆಯೋ ಅಲ್ಲೇ ಕಾಂಪೌಂಡು ಒಡೆಸಿ 'ನೇರ ವಾಹನಗಳ ದ್ವಾರ' ಕಟ್ಟಿಸಿದರು. ಟೇಪು ಕತ್ತರಿಸಿದವರು ಅಡ್ಡದಾರಿ ಹಿಡಿಯದ ರೈತನೆಂದು ಚಲುವರಾಜುವನ್ನು ಹೊಗಳಿ ಹಾರ ಹಾಕಿದರು. ಕಬ್ಬು ತೂಕಕ್ಕೆ ಹೋದದ್ದು ಕಡಿದ ಹದಿನೆಂಟನೆಯ ದಿನ. ಮೂರನೇ ಒಂದು ಪಾಲು ತೂಕ ಗಾಳಿಗೆ ಹೋಗಿತ್ತು. ಚೀಟಿಯಲ್ಲಿ ಸುಹಾಸ ಷರಾ ಬರೆದ: "ಕಬ್ಬು ಒಣಗಿದೆ. ಲಾರಿ ಸರಿಯಿದೆ." ಚಲುವರಾಜು ಹಾರ ಹಾಕಿಕೊಂಡೇ ಅದನ್ನು ಓದಿದ.

ಆದರೆ ಬೇರೆಯವರ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ. ಹಳೇ ಗೇಟಿನಲ್ಲಿ ಮೂರು ದಿನದ ಕ್ಯೂ. ಹೊಸ ದ್ವಾರದಲ್ಲಿ ನರಪಿಳ್ಳೆಯಿಲ್ಲ. ಮರಿಸಿದ್ದಯ್ಯ 'ಇಲ್ಲಿ ಲಾರಿಗಳನ್ನು ನೇರ ಮಾಡಿಕೊಡಲಾಗುವುದು' ಎಂದು ಬೋರ್ಡು ಹಾಕಿದ. ಮೊದಲು ನಿಡಘಟ್ಟದವರು ಬಂದರು, ಆಮೇಲೆ ಕೆರಗೋಡಿನವರು. ಒಂದು ವರ್ಷದೊಳಗೆ ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬಿನ ಲಾರಿಗಳೆಲ್ಲ ನೇರವಾದವು. ತಿರುವಿನ ಅಂಗಡಿಯವರು ಮೆಟ್ಟಿಲು ಒಡೆಸಿ ಒಳಕ್ಕೆ ಸರಿದರು. ಅಕ್ರಮವಾಗಿ ತಿರುಗುವ ಪ್ರಕರಣಗಳು ಸೊನ್ನೆಗೆ ಇಳಿದಿವೆಯೆಂದು ವೆಂಕಟೇಶಮೂರ್ತಿಯವರು ವರದಿ ಕಳಿಸಿ ಬಡ್ತಿ ಪಡೆದರು.

ಈ ಸಲದ ಕಬ್ಬು ತುಂಬಿಕೊಂಡು ಚಲುವರಾಜು ನೇರ ದ್ವಾರದ ಕ್ಯೂನಲ್ಲಿ ನಿಂತು ಇವತ್ತಿಗೆ ಐದು ದಿನ. ಅವನ ಮುಂದೆ ನೂರ ನಲವತ್ತು ಲಾರಿ. ಮಧ್ಯಾಹ್ನ ರೂಪ ಫೋನು ಮಾಡಿದಳು.

"ಹಳೇ ಗೇಟು ಖಾಲಿ ಬಿದ್ದದಂತೆ. ಅದ್ರಲ್ಲೇ ಓಗ್ಬಾರ್ದಾ?"

ಚಲುವರಾಜು ಬಲಕ್ಕೆ ನೋಡಿದ. ನಲವತ್ತಡಿ ದೂರದಲ್ಲಿ ಗೇಟು ಬಾಗಿಲು ತೆರೆದುಕೊಂಡಿತ್ತು. ಕಾವಲಿನವನು ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದ.

"ಅದು ತಿರುಗೋ ಲಾರೀಗೆ ಕಣಮ್ಮಿ."

"ತಿರುಗೋ ಲಾರಿ ಯಾರತ್ರ ಅದೆ?"

"ಯಾರತ್ರಾನೂ ಇಲ್ಲ."

"ಅಂಗಾದ್ರೆ ಸರಿ ಬುಡು," ಎಂದಳು ರೂಪ. "ನಾಳೆಗೂ ಬುತ್ತಿ ಕಳಿಸ್ತೀನಿ."