ಮಂಜಿನಲ್ಲಿ ಕೆರೆ ಕರೆದರೆ

ಎವರಿಸ್ತೊ ಲೋಟಗಳನ್ನು ತೊಳೆದು, ಒರೆಸಿ, ಬೆಂಚಿನ ಮೇಲೆ ಬೋರಲು ಹಾಕುತ್ತಿದ್ದ. ಹಿಡಿ ಮುರಿದದ್ದು, ಬಣ್ಣ ಕಿತ್ತದ್ದು, ಒಂದರ ಹಾಗೆ ಇನ್ನೊಂದಿಲ್ಲ. ಮಾತಾಡುವುದಾದರೂ ಯಾರೊಂದಿಗೆ? ಮೋಡಗಳಿಗೂ ಮೇಲಿನ ಆ ಹುಲ್ಲುಬೆಟ್ಟದಲ್ಲಿ ಇದ್ದದ್ದು ಕಾವಲುಗಾರನಾದ ಅವನ ಗುಡಿಸಲು ಒಂದೇ.

ಶಾಲೆಯ ಬಸ್ಸುಗಳು ಬರುತ್ತಿದ್ದವು, ನಿಜ. ಮಕ್ಕಳು ಅವನ ಹಿಂದೆ ಕೆರೆಯವರೆಗೆ ನಡೆದು ಗಿಡ ನೋಡುತ್ತಿದ್ದರು. ಹಾರ್ನ್ ಕೇಳಿದ್ದೇ ತಡ, ಕಾಳು ಮುಗಿಸಿದ ಗುಬ್ಬಿಗಳಂತೆ ಹಾರಿಹೋಗುತ್ತಿದ್ದರು. ಅವನ ಒಲೆಯ ಪಕ್ಕ ಇದುವರೆಗೆ ಒಬ್ಬರೂ ಕೂತಿರಲಿಲ್ಲ.

ಈ ಸಲ ಮಕ್ಕಳು ಬಸ್ಸಿಂದ ಇಳಿಯುತ್ತಿದ್ದ ಹಾಗೆಯೇ ಎವರಿಸ್ತೊ ಅವರ ಮಾರಿತ್ಸಾ ಟೀಚರನ್ನು ಅಡ್ಡಗಟ್ಟಿದ. "ಟೀಚರ್, ಹೋಗೋ ಮುಂಚೆ ಮಕ್ಕಳು ಒಂದು ಗಳಿಗೆ ಕೂತು ಬಿಸಿ ಬೆಲ್ಲದ ನೀರು ಕುಡೀಲಿ. ಎಲ್ಲಾ ರೆಡಿ ಇದೆ."

"ಮಕ್ಕಳು ಬೇಕು ಅಂದ್ರೆ ಖಂಡಿತ ಕೂರೋಣ ದೋನ್ ಎವರಿಸ್ತೊ. ನಾನೇ ಕೇಳ್ತೀನಿ."

ಮಕ್ಕಳ ಮನಸ್ಸು ಗೆಲ್ಲಬೇಕು, ಅಷ್ಟೇ ತಾನೆ! ದಾರಿಯಲ್ಲಿ ಉಣ್ಣೆಯಂಥ ಎಲೆಗಳ ಗಿಡವೊಂದನ್ನು ಸವರಿದ. "ನೋಡಿ, ಇದು ಫ್ರೈಲೆಹೋನ್. ಮೋಡದಿಂದ ನೀರು ಹೀರಿ ನೆಲಕ್ಕೆ ಕೊಡುತ್ತೆ."

"ಕರಡಿ ಎಲ್ಲಿ?" ಎಂದ ಯೇಯ್ಸನ್ ಎಂಬ ಹುಡುಗ.

"ಈ ಗಿಡ ವರ್ಷಕ್ಕೆ ಒಂದು ಬೆರಳಗಲ ಬೆಳೆದ್ರೆ ಹೆಚ್ಚು," ಎಂದು ಎವರಿಸ್ತೊ ಮುಂದುವರಿಸಿದ.

"ನಮ್ಮಪ್ಪನ ಕೂದಲಿಗಿಂತ ವಾಸಿ," ಎಂದಳೊಬ್ಬಳು. ಎಲ್ಲರೂ ಹೋ ಎಂದರು.

"ಕೂಗಬೇಡ್ರೋ!" ಎಂದು ಗದರಿದ್ದು ದೋನ್ಯಾ ರುಬಿಯೆಲಾ. ಯೇಯ್ಸನ್‌ನ ತಾಯಿ, ಮಗನಿಗೆ ಶೀತವಾದೀತೆಂದು ಜೊತೆಗೇ ಬಂದಿದ್ದವಳು. "ಗಲಾಟೆ ಮಾಡಿದ್ರೆ ಕೆರೆಗೆ ಸಿಟ್ಟು ಬಂದು ಮಂಜು ಕಳಿಸುತ್ತೆ. ನಮ್ಮಜ್ಜಿ ಹೇಳ್ತಿದ್ಲು."

ಮಕ್ಕಳು ಬೆಲ್ಲಕ್ಕೆ ನೊಣ ಮುತ್ತಿದಂತೆ ಅವಳನ್ನು ಮುತ್ತಿಕೊಂಡರು. ಎವರಿಸ್ತೊನ ಹೊಟ್ಟೆ ಉರಿಯಿತು.

"ಬರೀ ಮಂಜಲ್ಲ," ಎಂದ. "ಮಂಜಿನೊಳಗಿಂದ ಕೆರೆ ಕರೆಯುತ್ತೆ. ಅದೂ ನಿಮಗೆ ಗೊತ್ತಿರೋರ ದನೀಲಿ."

ಗದ್ದಲ ತಟ್ಟನೆ ನಿಂತಿತು. ಅಷ್ಟು ಕಣ್ಣುಗಳು ಒಟ್ಟಿಗೆ ಅವನನ್ನು ನೋಡಿದ್ದು ಅವನ ಜನ್ಮದಲ್ಲೇ ಮೊದಲು.

"ಏನಂತ ಕರೆಯುತ್ತೆ?" ಯೇಯ್ಸನ್ ಪಿಸುಗುಟ್ಟಿದ.

ಅದನ್ನು ಎವರಿಸ್ತೊ ಯೋಚಿಸಿರಲಿಲ್ಲ. ಬೆಳಗಿನಿಂದ ತಲೆಯಲ್ಲಿದ್ದದ್ದು ಒಂದೇ ಮಾತು, ಅದೇ ಹೊರಬಿತ್ತು. "'ಬನ್ನಿ ಮಕ್ಕಳೇ, ಬಿಸಿ ಬೆಲ್ಲದ ನೀರಿದೆ, ಕುಡಿದು ಹೋಗಿ' ಅಂತ."

"ಓಗೊಟ್ರೆ?"

"ಕತೆ ಮುಗೀತು. ಕೈ ಕೈ ಹಿಡ್ಕೊಂಡು, ಬಾಯಿ ಮುಚ್ಕೊಂಡು, ಹಿಂದೆ ನೋಡದೆ ನಡೀಬೇಕು."

ದೋನ್ಯಾ ರುಬಿಯೆಲಾ ಶಿಲುಬೆಯ ಗುರುತು ಮಾಡಿಕೊಂಡಳು. ಎವರಿಸ್ತೊ ಹಿಗ್ಗಿಹೋದ. ಮುಂದಿನದನ್ನು ಒಲೆಯ ಪಕ್ಕ ಕೂತು ಹೇಳಿದರಾಯಿತು!

ದಡ ಮುಟ್ಟಿದ್ದೇ ಯೇಯ್ಸನ್ ಪರೀಕ್ಷೆ ಮಾಡಿಯೇ ಬಿಟ್ಟ. "ಏಯ್ ಕೆರೇ!"

ಆ ಬೆಟ್ಟದಲ್ಲಿ ಮಂಜು ಕರೆಯದಿದ್ದರೂ ಬರುತ್ತದೆ. ಆವತ್ತು ಬಾಗಿಲ ಹಿಂದೆಯೇ ನಿಂತಿದ್ದಂತೆ ಬಂತು. ಮಕ್ಕಳು ಕೈ ಕೈ ಹಿಡಿದು, ಜೌಗಿನ ಮೇಲೆ ಹಲಗೆ ಹಾಸಿದ ದಾರಿಯಲ್ಲಿ ಬಸ್ಸಿನತ್ತ ತಿರುಗಿದರು. ಅವರಿಗೆ ದಾರಿ ಬಿಡಲೆಂದು ಎವರಿಸ್ತೊ ಹಲಗೆಯಿಂದ ಪಕ್ಕಕ್ಕೆ ಕಾಲಿಟ್ಟ, ತೊಡೆಯವರೆಗೂ ಕೆಸರಿಗಿಳಿದ.

"ಟೀಚರ್, ನಿಲ್ಲಿ! ನಾನು ಎವರಿಸ್ತೊ! ಕಾಲು ಹೂತುಹೋಗಿದೆ!"

"ಕೇಳಿದ್ರಾ?" ಮಂಜಿನೊಳಗೆ ದೋನ್ಯಾ ರುಬಿಯೆಲಾಳ ಪಿಸುಮಾತು. "ಥೇಟ್ ಅವರದೇ ದನಿ!"

"ಅವರು ಮುಂದೆ ಹೋಗಿರ್ತಾರೆ. ನಡೀರಿ, ನಡೀರಿ," ಎಂದರು ಟೀಚರ್. ಅವರ ಹೆಜ್ಜೆಯೂ ಜೋರಾಯಿತು.

ಒಂದು ಬೂಟನ್ನು ಕೆಸರಿಗೇ ಬಿಟ್ಟು ಅವನು ಕುಂಟುತ್ತ ಬಸ್ಸಿನ ಹತ್ತಿರ ಬಂದಾಗ, ಟೀಚರ್ ಕೊಟ್ಟ ಮಾತಿನಂತೆ ಮಕ್ಕಳನ್ನು ಕೇಳುತ್ತಿದ್ದರು. "ಇಳಿದು ಸ್ವಲ್ಪ ಬೆಲ್ಲದ ನೀರು ಕುಡೀತೀರೇನ್ರೋ?"

"ಅಯ್ಯೋ ಟೀಚರ್, ನೀವೂನಾ?" ದೋನ್ಯಾ ರುಬಿಯೆಲಾ ಮಗನ ಕಿವಿ ಮುಚ್ಚಿದಳು.

ಆಗಲೇ ಮಂಜಿನಿಂದ ಅವನು ಹೊರಬಂದದ್ದು. ಸೊಂಟದವರೆಗೆ ಕೆಸರು, ಹೆಗಲ ಮೇಲೆ ಪಾಚಿ, ಒಂದೇ ಕಾಲಿಗೆ ಬೂಟು. ಏದುಸಿರಿನಲ್ಲಿ ಬೇರೆ ಮಾತೇ ಹೊಳೆಯಲಿಲ್ಲ.

"ಬನ್ನಿ ಮಕ್ಕಳೇ, ಬಿಸಿ ಬೆಲ್ಲದ ನೀರಿದೆ..."

ಬಸ್ಸಿನೊಳಗೆ ಒಬ್ಬರೂ ಉಸಿರೆತ್ತಲಿಲ್ಲ. ಎಷ್ಟು ಚೆನ್ನಾಗಿ ಪಾಠ ಕಲಿತಿದ್ದರು! ಡ್ರೈವರ್ ಬಾಗಿಲು ಎಳೆದು, ಹಾರ್ನ್ ಕೂಡ ಹೊಡೆಯದೆ ಗಾಡಿ ಓಡಿಸಿದ.

ಎವರಿಸ್ತೊ ಗುಡಿಸಲಿಗೆ ಬಂದ. ಬೋರಲಿದ್ದ ಎರಡು ಲೋಟಗಳನ್ನು ನೆಟ್ಟಗಿಟ್ಟು ತುಂಬಿಸಿದ. ಬಾಗಿಲು ತೆರೆದೇ ಇತ್ತು. ಮಂಜು ಹೊಸ್ತಿಲವರೆಗೆ ಬಂದು ನಿಂತಿತ್ತು.

"ನೀನಾದ್ರೂ ಒಳಗೆ ಬಾ," ಎಂದ. "ಆರಿಹೋಗುತ್ತೆ."