ಒದ್ದೆ ಅಂಗಿ ತೊಟ್ಟ ಪೀಪಾಯಿ

"ಎರ್ನಿ ಸತ್ತಿದ್ದಾನೆ, ಆದ್ರೆ ಮನೆ ಬಿಟ್ಟು ಹೋಗಿಲ್ಲ" ಅಂತ ನಮ್ಮ ಬೀದಿಯವರು ಹೇಳುತ್ತಿದ್ದರು. ನನ್ನ ಬಗ್ಗೆಯೂ ಹೇಳುತ್ತಿದ್ದರು: "ಅಳಿಯ ಕ್ಲೈವ್ ಬದುಕಿದ್ದಾನೆ, ಆದ್ರೆ ಮನೇಲಿದ್ದಾನೆ ಅಂತ ಗೊತ್ತೇ ಆಗಲ್ಲ!" ಎರಡನೆಯದಕ್ಕೆ ನಾನು ಜವಾಬ್ದಾರನಲ್ಲ. ಮೊದಲನೆಯ ಮಾತು ಹುಟ್ಟಿದ್ದು ಮಾತ್ರ ನನ್ನಿಂದಲೇ. ನಗುವುದಾದರೆ ಮೆಲ್ಲಗೆ ನಗಿ. ಮಾವನಿಗೆ ಕೇಳಿಸೀತು!

ಮಾವ ಎರ್ನಿ ಪ್ರತಿ ಕ್ರಿಸ್‌ಮಸ್ಸಿಗೂ ಮನೆಯಲ್ಲೇ ಬೀರು ಮಾಡುತ್ತಿದ್ದರು. ಅದೂ ದಕ್ಷಿಣ ಗೋಳದ ನಮ್ಮ ರಾಕ್‌ಹ್ಯಾಂಪ್ಟನ್ನಿನ ನವೆಂಬರ್ ಬೇಸಿಗೆಯ ಸೆಕೆಯಲ್ಲಿ, ಹಲ್ಲಿಗಳೂ ನೆರಳಿಗೆ ಜಗಳವಾಡುವ ಕಾಲದಲ್ಲಿ! ಆ ಸೆಕೆಗೆ ಬೀದಿಯ ಉಳಿದವರ ಬೀರೆಲ್ಲ ಕೆಟ್ಟು, ಉಗುರುಬಣ್ಣ ಅಳಿಸುವ ನೀರಿನ ವಾಸನೆ ಹೊಡೆಯುತ್ತಿತ್ತು. ಮಾವನದು ಮಾತ್ರ ದೇವಲೋಕದ ಪಾನೀಯ. ಗುಟ್ಟೇನು? ಯಾರಿಗೂ ಗೊತ್ತಿಲ್ಲ. ಕಂಬಗಳ ಮೇಲೆ ನಿಂತ ನಮ್ಮ ಮನೆಯ ಕೆಳಗೆ ಬಟ್ಟೆ ಒಗೆಯುವ ಹಳೇ ಕೋಣೆಯೊಂದಿದೆ. ಅದಕ್ಕೆ ಬೀಗ ಹಾಕಿಕೊಂಡು ಒಳಗೆ ಅದೇನು ಮಾಡುತ್ತಿದ್ದರೋ! ಕೇಳಿದರೆ ಗಂಟಲಲ್ಲೇ ಸದ್ದು ಮಾಡುತ್ತಿದ್ದರು: "ಬುಡುಗ್." ಅಷ್ಟೇ. ನಾನು ಏನಾದರೂ ಜಂಬದ ಮಾತಾಡಿದಾಗಲೂ ಅದೇ ಉತ್ತರ. ಬುಡುಗ್!

ಜೂನ್ ತಿಂಗಳ ಚಳಿಯಲ್ಲಿ ಮಾವ ಹೋದರು. ಉಳಿದದ್ದು ಫ್ರಿಜ್ಜಿನ ಮೂಲೆಯಲ್ಲಿ ಒಂದು ಗಾಜಿನ ಸೀಸೆ, ಅದರೊಳಗೆ ಇಪ್ಪತ್ತೊಂದು ವರ್ಷದಿಂದ ಅವರು ಸಾಕಿಕೊಂಡು ಬಂದ ಹುದುಗು. ಮೇಲೆ ಅವರದೇ ಕೈಬರಹ: "ಇಪ್ಪತ್ತು ಡಿಗ್ರಿ ದಾಟಿದರೆ ಸತ್ತೆ."

"ಈ ಕ್ರಿಸ್‌ಮಸ್ಸಿಗೆ ಅಪ್ಪನ ಕುರ್ಚಿ ಮುಂದೆ ಅವರದೇ ಬೀರಿನ ಒಂದು ಲೋಟ ಇಡ್ಬೇಕು ಅಂತ ಆಸೆ," ಅಂದಳು ನನ್ನ ಹೆಂಡತಿ ಬೆರಿಲ್, ನವೆಂಬರ್ ಬರುತ್ತಲೇ. "ಅದೊಂದಾದ್ರೆ ನಂಗೆ ಸಾಕು."

ನಾನು ಎದೆಯುಬ್ಬಿಸಿ ಎದ್ದು ನಿಂತೆ. "ನಾನಿರುವಾಗ ನಿನಗ್ಯಾಕೆ ಚಿಂತೆ? ಸೂರ್ಯನಿಗೇ ಬೆವರಿಳಿಸ್ತೀನಿ, ನೋಡ್ತಿರು!"

"ಹೋದ ವಾರ ಮೊಟ್ಟೆ ಬೇಯಿಸೋಕೆ ಹೋಗಿ ಪಾತ್ರೆ ಸುಟ್ಟವರು ನೀವು."

"ಅದು ಪಾತ್ರೆಯ ತಪ್ಪು!" ಅಂದು, ಬಾರ್ಲಿ ರಸ ಕಾಯಿಸಿ ಆರಿಸಿ ಪೀಪಾಯಿಗೆ ತುಂಬಿದೆ.

"ಇರ್ಲಿ. ಹುದುಗು ಪೂರ್ತಿ ಸುರೀಬೇಡಿ, ಚೂರು ಉಳಿಸಿಕೊಳ್ಳಿ."

ಅವಳು ಇಷ್ಟು ಹೇಳುವಷ್ಟರಲ್ಲಿ ನಾನು ಪೂರ್ತಿ ಸುರಿದಾಗಿತ್ತು.

ಬೆರಿಲ್ ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು!

ಮಾವನ ಬೀಗದಕೈ ಹಿಡಿದು ಕೆಳಗಿಳಿದೆ. ಕತ್ತಲೆ ಕೋಣೆ. ಸಿಮೆಂಟಿನ ತೊಟ್ಟಿ. ಗೂಟದಲ್ಲಿ ಮಾವನ ಬಿಳೀ ಅಂಗಿ, ಬಿಳೀ ಟೋಪಿ. ಹುಲ್ಲಿನ ಮೇಲೆ ಚೆಂಡು ಉರುಳಿಸುವ ಕ್ಲಬ್ಬಿಗೆ ಅವರು ಹಾಕಿಕೊಂಡು ಹೋಗುತ್ತಿದ್ದ ಜೊತೆಗಳಲ್ಲೊಂದು. ಗುಟ್ಟು ನನಗೆ ಮಿಂಚಿನಂತೆ ಹೊಳೆಯಿತು! ತೊಟ್ಟಿಗೆ ಅರ್ಧ ನೀರು ತುಂಬಿಸಿ ಬೀರಿನ ಪೀಪಾಯಿಯನ್ನು ಅದರಲ್ಲಿ ಕೂರಿಸಿದೆ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿ ಆರು ಇಳಿಬಿಟ್ಟೆ. ಪೀಪಾಯಿಗೆ ಒದ್ದೆ ಅಂಗಿ ತೊಡಿಸಿ ಎದುರಿಗೆ ಫ್ಯಾನ್ ತಿರುಗಿಸಿದೆ. ಅಂಗಿಯ ನೀರು ಆರಿದಷ್ಟೂ ಒಳಗಿನದು ತಂಪು! ಮೇಲೆ ಗಾಳಿ ಹೋಗುವ ಕೊಳವೆಗೆ ದೂಳು ಬೀಳದಿರಲೆಂದು ಟೋಪಿ ಮುಚ್ಚಿದೆ. ಹಿಂದೆ ಸರಿದು ನೋಡಿದೆ.

ಅಯ್ಯಯ್ಯೋ! ತೊಟ್ಟಿಯಲ್ಲಿ ಮಾವ ಕೂತಿದ್ದರು.

ಫ್ಯಾನಿನ ಗಾಳಿಗೆ ತೋಳೆರಡೂ ಮೇಲೇಳುತ್ತಿದ್ದವು, ಇಳಿಯುತ್ತಿದ್ದವು. ಬಾ ಅಂದಂತೆ. ಬೇಡ ಹೋಗು ಅಂದಂತೆ. ಮರುದಿನ ಹುದುಗು ಎದ್ದು ಕೊಳವೆಯಿಂದ ಗಾಳಿ ಹೊರಟಿತು: "ಬುಡುಗ್."

ಅದು ಗ್ಯಾಸು, ಅಂತ ನನಗೆ ನಾನೇ ಹೇಳಿಕೊಂಡೆ. ಟೋಪಿ ತಾನಾಗಿಯೇ ಎಡಕ್ಕೆ ವಾಲಿತ್ತು, ಮಾವ ವಾಲಿಸಿಕೊಳ್ಳುತ್ತಿದ್ದ ಹಾಗೆಯೇ. ಅದೂ ಗ್ಯಾಸು!

ಮೂರನೇ ದಿನ ಪೋಸ್ಟಿನವಳು ಕಿಟಕಿಯ ಪಟ್ಟಿಗಳ ಸಂದಿಯಲ್ಲಿ ಇಣುಕಿ, ನಮ್ಮ ಕಾಗದಗಳನ್ನೆಲ್ಲ ಹೂಗಿಡದ ಮೇಲೆ ಚೆಲ್ಲಿ ಓಡಿದಳು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ: ಎರ್ನಿ ಸ್ನಾನಕ್ಕೆ ಕೂತಿದ್ದಾನೆ!

ನಾನು ನಗುತ್ತಿದ್ದೆ. ಐದನೇ ದಿನದ ತನಕ.

ಅವತ್ತು ಬೆಳಿಗ್ಗೆ ರೈಲ್ವೆ ಟಿಕೆಟ್ ಕೌಂಟರಿನ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ಐಸ್ ಬಾಟಲಿ ಬದಲಾಯಿಸುವುದನ್ನು ಮರೆತಿದ್ದೆ. ಸಂಜೆ ಎದೆ ಹಿಡಿದುಕೊಂಡು ಬಂದು ನೋಡಿದರೆ ಪೀಪಾಯಿಗೆ ಅಂಟಿಸಿದ್ದ ಥರ್ಮಾಮೀಟರ್ ಪಟ್ಟಿ ಹದಿನೆಂಟೇ ಡಿಗ್ರಿ ತೋರಿಸುತ್ತಿದೆ! ತೊಟ್ಟಿಯಲ್ಲಿ ಹೊಸ ಐಸು. ಅಂಗಿಯ ತುದಿಯಿಂದ ನೀರು ತೊಟ್ಟಿಕ್ಕುತ್ತಿದೆ.

"ಬೆರಿಲ್, ಐಸು ಹಾಕಿದ್ಯಾ?"

"ಆ ಕೋಣೆಗೆ ನಾನು ಕಾಲಿಡಲ್ಲ. ಅಪ್ಪನ ಅಂಗಿ ನೋಡಿದ್ರೆ ಅಳು ಬರುತ್ತೆ. ಯಾಕೆ?"

"ಏನಿಲ್ಲ."

ಬೀಗ ಹಾಕಿದ್ದು ಹಾಕಿದಂತೆಯೇ ಇತ್ತು. ಬೀಗದಕೈ ನನ್ನ ಜೇಬಿನಲ್ಲಿತ್ತು. ಆ ನಲವತ್ತು ಡಿಗ್ರಿಯ ಸೆಕೆಯಲ್ಲಿ ನನಗೆ ಕಂಬಳಿ ಬೇಕೆನ್ನಿಸಿತು!

ಮರುದಿನ ಮಧ್ಯಾಹ್ನ ಊರಿಗೆ ಊರೇ ಕರೆಂಟು ಹೋಯಿತು. ಫ್ಯಾನ್ ನಿಂತರೆ ಮುಗಿಯಿತು! ಇಪ್ಪತ್ತೊಂದು ವರ್ಷದ ಹುದುಗು, ಬೆರಿಲ್‌ಳ ಒಂದು ಲೋಟ, ಎಲ್ಲ ಹೋದಂತೆಯೇ. ಕೌಂಟರ್ ಮುಚ್ಚಿ ಓಡಿದೆ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಎಲ್ಲ ಮನೆಗಳೂ ಪರದೆ ಇಳಿಸಿ ಕಣ್ಣು ಮುಚ್ಚಿಕೊಂಡಿದ್ದವು. ಕಾಗೆ ಕೂಡ ಸುಮ್ಮನಿತ್ತು. ಕೋಣೆಯ ಬಾಗಿಲ ಹತ್ತಿರ ಬಂದವನು ಅಲ್ಲೇ ಕಲ್ಲಾದೆ.

ಒಳಗೆ ಮೆಲ್ಲಗೆ ನೀರು ಸುರಿಯುವ ಸದ್ದು. ಆಮೇಲೆ ಒಂದು ಪಿಸುಮಾತು:

"ಸೆಕೆ ಆಯ್ತಾ, ಎರ್ನಿ? ಅಲ್ಲಾಡಬೇಡ. ತೋಳೆತ್ತು ನೋಡೋಣ."

"ಬುಡುಗ್."

ನನ್ನ ಬಾಯಿಂದ ಹೊರಟ ಕೂಗು ಮನುಷ್ಯರದಾಗಿರಲಿಲ್ಲ!

ಬಾಗಿಲು ತೆರೆಯಿತು. ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದವಳು ಪಕ್ಕದ ಮನೆಯ ಡಾಟಿ! ನನ್ನ ಮೊಣಕೈಯಷ್ಟೆತ್ತರದ ಮುದುಕಿ. ಬೇಲಿ ಮೇಲಿನ ಮಾವಿನ ಮರದ ಜಗಳಕ್ಕೆ ಹನ್ನೆರಡು ವರ್ಷ ಮಾವನ ಜೊತೆ ಮಾತು ಬಿಟ್ಟಿದ್ದಾಳೆಂದು ಬೀದಿಯೆಲ್ಲ ಬಲ್ಲ ಡಾಟಿ!

"ಕಿರುಚಬೇಡ ಕ್ಲೈವ್, ಹುದುಗಿಗೆ ಆಗಲ್ಲ," ಅಂದಳು.

"ನೀವು... ಬೀಗ..."

ಕೊರಳಿನ ಸರದಲ್ಲಿ ತೂಗುತ್ತಿದ್ದ ಬೀಗದಕೈ ತೋರಿಸಿದಳು. "ಇಪ್ಪತ್ತೊಂದು ವರ್ಷದಿಂದ ಇದೆ. ಬೀರು ಕಾಯಿಸ್ತಿದ್ದವನು ಅವನು. ತಂಪು ಮಾಡ್ತಿದ್ದವಳು ನಾನು. ಅವನು ಕ್ಲಬ್ಬಲ್ಲಿ ಚೆಂಡು ಉರುಳಿಸ್ತಿದ್ರೆ ಇಲ್ಲಿ ಅಂಗಿ ನೆನೆಸೋರ್ಯಾರು?"

"ಆದ್ರೆ ನೀವಿಬ್ರೂ ಮಾತು ಬಿಟ್ಟಿದ್ರಲ್ಲ!"

"ಬೆಳಿಗ್ಗೆ ಬಿಟ್ಟಿದ್ವಿ, ಸಂಜೆ ಬಿಟ್ಟಿದ್ವಿ," ಅಂದಳು ಡಾಟಿ, ಅಂಗಿಯ ಅಂಚು ಸರಿಮಾಡುತ್ತ. "ಮಧ್ಯಾಹ್ನ ಬಿಟ್ಟಿರ್ಲಿಲ್ಲ."

ನಾನು ತೊಟ್ಟಿಯ ಅಂಚಿನಲ್ಲಿ ಕೂತುಬಿಟ್ಟೆ. "ಅಂತೂ ನಿನ್ನೆ ಒಂದು ದಿನ ನಾನು ಮರೆತೆ, ನೀವು ಕಾಪಾಡಿದ್ರಿ."

"ಒಂದು ದಿನವಾ! ಮೊದಲನೇ ದಿನವೇ ಆರು ಬಾಟ್ಲಿ ಇಳಿಸಿದ್ಯಲ್ಲ, ಹನ್ನೊಂದು ಡಿಗ್ರಿಗಿಳಿದು ಪಾಪ ಹುದುಗು ಮರಗಟ್ಟಿ ಮಲಗಿತ್ತು. ಎರಡು ಕೆಟಲ್ ಬಿಸಿನೀರು ತೊಟ್ಟಿಗೆ ಹುಯ್ದು ಎಬ್ಬಿಸಿದ್ದು ಯಾರು ಅಂದ್ಕೊಂಡೆ?"

"ಟೋಪಿ ಎಡಕ್ಕೆ ವಾಲಿಸಿದ್ದೂ ನೀವೇ ತಾನೇ?"

ಡಾಟಿ ನನ್ನನ್ನೂ, ತನಗಿಂತ ಎತ್ತರಕ್ಕಿದ್ದ ಟೋಪಿಯನ್ನೂ ನೋಡಿದಳು. "ನಂಗೆಲ್ಲಿ ಎಟುಕುತ್ತೆ?"

ಗ್ಯಾಸು, ಅಂದುಕೊಂಡೆ.

ಕ್ರಿಸ್‌ಮಸ್ ದಿನ ಮಾವನ ಕುರ್ಚಿ ಮುಂದೆ ಲೋಟ ಇಟ್ಟೆವು. ಬೆರಿಲ್ ತನ್ನ ಲೋಟದಿಂದ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು. "ಅಪ್ಪಂದೇ," ಅಂದಳು. ಆಮೇಲೆ ತಾನೇ ಎದ್ದು, ನನ್ನಿಂದ ಕಥೆಯೆಲ್ಲ ಕೇಳಿ ಊಟಕ್ಕೆ ಕರೆದಿದ್ದ ಡಾಟಿಯನ್ನು ಪಕ್ಕಕ್ಕೆ ಕೂರಿಸಿಕೊಂಡಳು. ಪೀಪಾಯಿಯ ತಳದಿಂದ ತೆಗೆದಿಟ್ಟ ಹುದುಗಿನ ಸೀಸೆಯನ್ನು ಅವಳ ಮಡಿಲಲ್ಲಿಟ್ಟಳು.

"ಅಪ್ಪನ್ನ ನೀವೇ ಕರ್ಕೊಂಡು ಹೋಗಿ, ಡಾಟಿ. ನಮ್ಮನೆಯವ್ರ ಕೈಲಿ ಇನ್ನೊಂದ್ಸಲ ಸಾಯೋದು ಬೇಡ."

ಹೀಗೆ ಆ ಮಧ್ಯಾಹ್ನ ಮಾವ ಮನೆ ಬಿಟ್ಟು ಹೊರಟರು. ತೊಳೆದು ಒಣಗಿಸಿದ ಖಾಲಿ ಪೀಪಾಯಿಯನ್ನು ತೋಟದ ಕೈಗಾಡಿಯ ಮೇಲೆ ಕೂರಿಸಿ, ಡಾಟಿಯ ಅಪ್ಪಣೆಯಂತೆ ಅಂಗಿ ತೊಡಿಸಿ, ನನ್ನ ಕೈಯಾರೆ ಟೋಪಿಯನ್ನು ನೆಟ್ಟಗೆ ಇಟ್ಟೆ. ಹೆಂಗಸರಿಬ್ಬರೂ ಮುಂದೆ, ಗಾಡಿ ತಳ್ಳುತ್ತ ನಾನು ಹಿಂದೆ. ಬೀದಿಯವರು ಬೇಲಿಯುದ್ದಕ್ಕೂ ನಿಂತು, ಲೋಟ ಇಳಿಸಿ, ಟೋಪಿ ತೆಗೆದರು. ಯಾರೂ ನಗಲಿಲ್ಲ. ಗಾಳಿಯೂ ಇರಲಿಲ್ಲ.

ಆ ಮೌನ ನನಗೆ ತಡೆಯಲಾಗಲಿಲ್ಲ. ಗೇಟು ದಾಟುತ್ತ ಎದೆಯುಬ್ಬಿಸಿ ಜೋರಾಗಿ ಹೇಳಿದೆ: "ಏನೇ ಅನ್ನಿ, ಬೀರು ಕಾಯಿಸಿದವನು ನಾನೇ! ಮುಂದಿನ ವರ್ಷ ಇದಕ್ಕಿಂತ ಚೆನ್ನಾಗಿ ಮಾಡ್ತೀನಿ!"

ಖಾಲಿ ಪೀಪಾಯಿಯ ಮೇಲಿನ ಟೋಪಿ ನಿಧಾನವಾಗಿ ಎಡಕ್ಕೆ ವಾಲಿತು.

"ಬುಡುಗ್."